ಮೂರನೇ ಸಲ ಹೋಗಿ: ಹಳ್ಳಿಯಲ್ಲಿ ಮಾನವ ಹಕ್ಕುಗಳ ಪ್ರಾಜೆಕ್ಟ್ ಮಾಡುವ ಬಗೆ

ಮಂಡ್ಯದ ಹತ್ತಿರದ ಒಂದು ಊರಿನಲ್ಲಿ, 13 ವರ್ಷದ ಹಿಂದೆ, ಒಬ್ಬ ಅಜ್ಜಿ ನನ್ನನ್ನು ಜಗುಲಿ ಮೇಲೆ ಕೂರಿಸಿ, ಒಂದು ಲೋಟ ನೀರು ಕೊಟ್ಟು ಹೇಳಿದ್ದು ಇದು: "ಬತ್ತೀರಿ, ಬರ್ಕತೀರಿ, ಪೋಟ ಹಿಡ್ಕತೀರಿ, ಹೋಯ್ತೀರಿ. ಆಮೇಕೆ ಮಕ ತೋರ್ಸಕಿಲ್ಲ. ನೀನೂ ಬರ್ಕೊ ಮಗ, ಬರ್ಕೊ." ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ ಅದು. ಮಳೆ ಬರಲಿಲ್ಲ ಅನ್ನುವಷ್ಟೇ ಸಹಜವಾಗಿ ಹೇಳಿದರು. ಅವರ ಪಿಂಚಣಿ ನಿಂತು ಒಂಬತ್ತು ತಿಂಗಳಾಗಿತ್ತು. ನನಗಿಂತ ಮುಂಚೆ ಮೂರು ತಂಡದವರು ಬಂದು ಅದನ್ನೇ ಬರೆದುಕೊಂಡು ಹೋಗಿದ್ದರು.

ವಿಶ್ವವಿದ್ಯಾನಿಲಯದ ಮಾನವ ಹಕ್ಕುಗಳ ಕೋರ್ಸಿನಲ್ಲಿ ಕ್ಷೇತ್ರಕಾರ್ಯದ ಹೊಣೆ ನನ್ನದು. ನಾನು ಹುಟ್ಟಿದ್ದು ಮಳವಳ್ಳಿ ಕಡೆಯ ಊರಿನಲ್ಲಿ, ಪಾಠ ಮಾಡುವುದು ಮೈಸೂರಿನಲ್ಲಿ, ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದು ಹೆಚ್ಚಾಗಿ ಮಂಡ್ಯ ಜಿಲ್ಲೆಗೆ. ಈ ವರ್ಷ ಹೊಸದಾಗಿ ಹೊರಡುವ ಮಕ್ಕಳಿಗೂ, ಇದೇ ಕೆಲಸ ಹೆಗಲಿಗೆ ಬಿದ್ದಿರುವ ಬೇರೆ ಕಾಲೇಜಿನ ಮೇಷ್ಟ್ರು, ಮೇಡಂಗಳಿಗೂ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ನಿಯಮ ಹೇಳಿಬಿಡುತ್ತೇನೆ. ಮೊದಲ ಎರಡು ಭೇಟಿಯಲ್ಲಿ ಕೇಳಿಸಿಕೊಂಡ ಯಾವುದನ್ನೂ ವರದಿಗೆ ಬಳಸಬೇಡಿ. ಮೊದಲ ಸಲ ಹೋದಾಗ ಜನ ನಿಮ್ಮನ್ನು ಯಾವುದೋ ಸ್ಕೀಮಿನವರು ಅಂದುಕೊಳ್ಳುತ್ತಾರೆ, ಮನೆ ಕೇಳುತ್ತಾರೆ, ಸಾಲ ಕೇಳುತ್ತಾರೆ. ಎರಡನೇ ಸಲ ಹೋದಾಗ ನೀವು ಯಾರ ಕಡೆಯವರು ಅಂತ ಅಳೆಯುತ್ತಾರೆ. ಮೂರನೇ ಸಲ ಹೋದಾಗ ಮಾತ್ರ "ಓ, ಮತ್ತೆ ಬಂದ್ರಾ" ಅಂತ ಚಾಪೆ ಹಾಸುತ್ತಾರೆ. ನಿಜವಾದ ಮಾತು ಆ ಚಾಪೆಯ ಮೇಲೆ ಶುರುವಾಗುತ್ತದೆ. ಹಾಗಾಗಿ ಸೆಮಿಸ್ಟರಿನ ಮೊದಲ ವಾರದಲ್ಲೇ ಹೊರಡಿ. ಕೊನೆಯ ತಿಂಗಳಲ್ಲಿ ಒಂದೇ ದಿನ ಬಸ್ಸು ಮಾಡಿಕೊಂಡು ಹೋಗಿ ಬಂದರೆ ನಿಮಗೆ ಸಿಗುವುದು ಮೊದಲ ದಿನದ ಮಾತಷ್ಟೇ.

ವಿಷಯ ಚಿಕ್ಕದಿರಲಿ

"ಮಂಡ್ಯ ಜಿಲ್ಲೆಯಲ್ಲಿ ಮಹಿಳೆಯರ ಮಾನವ ಹಕ್ಕುಗಳ ಸ್ಥಿತಿಗತಿ: ಒಂದು ಅಧ್ಯಯನ." ಇಂಥ ಶೀರ್ಷಿಕೆ ಪ್ರತಿ ವರ್ಷ ನನ್ನ ಮೇಜಿಗೆ ಬರುತ್ತದೆ, ಪ್ರತಿ ವರ್ಷ ಹಿಂದಕ್ಕೆ ಕಳಿಸುತ್ತೇನೆ. ಏಳು ತಾಲ್ಲೂಕು, ಐದು ವಿದ್ಯಾರ್ಥಿಗಳು, ನಾಲ್ಕು ತಿಂಗಳು. ಅದರಲ್ಲಿ ಏನೂ ಕಾಣುವುದಿಲ್ಲ.

ಅದರ ಬದಲು ಹೀಗೆ ಕೇಳಿಕೊಳ್ಳಿ: ಈ ಒಂದು ಪಂಚಾಯಿತಿಗೆ ಕಬ್ಬು ಕಡಿಯಲು ಬಂದಿರುವ ಕುಟುಂಬಗಳಲ್ಲಿ 6ರಿಂದ 14 ವರ್ಷದ ಮಕ್ಕಳು ಎಷ್ಟು? ಅವರಲ್ಲಿ ಎಷ್ಟು ಮಂದಿಯ ಹೆಸರು ಹತ್ತಿರದ ಶಾಲೆಯ ಹಾಜರಿ ಪುಸ್ತಕದಲ್ಲಿದೆ? ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸಿಕ್ಕ ಉತ್ತರ ಹಿಡಿದು ಮಾಡಲು ಕೆಲಸವೂ ಇರುತ್ತದೆ.

ನಾವು ಒಂದು ಸಲ ಇದನ್ನೇ ತೆಗೆದುಕೊಂಡೆವು. ಬಳ್ಳಾರಿ ಕಡೆಯಿಂದ ಬಂದ ಗ್ಯಾಂಗು, ನಾಲೆ ಏರಿಯ ಪಕ್ಕದಲ್ಲಿ ಸೋಗೆ ಮತ್ತು ಟಾರ್ಪಾಲಿನ ಗುಡಿಸಲುಗಳು. ಮಕ್ಕಳು ಚಿಕ್ಕ ತಮ್ಮ ತಂಗಿಯರನ್ನು ಕಂಕುಳಲ್ಲಿಟ್ಟುಕೊಂಡು ಗದ್ದೆ ಬದುವಿನಲ್ಲಿ ಕೂತಿರುತ್ತಿದ್ದವು. ಶಾಲೆಗೆ ಹೋಗಿ ವಿಚಾರಿಸಿದರೆ ಟೀಸಿ ಇಲ್ಲ, ಆಧಾರ್ ಇಲ್ಲ ಅಂದರು. ವಿದ್ಯಾರ್ಥಿಗಳು ಅಲ್ಲೇ ಜಗಳಕ್ಕೆ ನಿಂತರು. ಕಾನೂನಿನ ಪ್ರಕಾರ ವಿದ್ಯಾರ್ಥಿಗಳು ಹೇಳಿದ್ದು ಸರಿಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸು ಕಳಿಸುವಂತಿಲ್ಲ, ಟೀಸಿ ತಡವಾಯಿತೆಂದೂ ಕಳಿಸುವಂತಿಲ್ಲ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಆದರೆ ನಾನು ಇನ್ನೊಂದು ದಿನ ಒಬ್ಬಳೇ ಹೋಗಿ ಮುಖ್ಯೋಪಾಧ್ಯಾಯರ ಜೊತೆ ಟೀ ಕುಡಿಯುತ್ತಾ ಕೂತಾಗ ಅವರ ಕಷ್ಟ ಹೊರಬಂತು: "ಸೇರಿಸ್ಕೊಂಡ್ರೆ ಮೂರು ತಿಂಗಳಿಗೆ ಹೋಗ್ತಾರೆ ಮೇಡಂ. ಶಾಲೆ ಬಿಟ್ಟವರ ಲೆಕ್ಕ ನನ್ನ ತಲೆ ಮೇಲೆ ಬರುತ್ತೆ." ಇದು ಯಾವ ಪಠ್ಯಪುಸ್ತಕದಲ್ಲೂ ಇರುವುದಿಲ್ಲ. ವಲಸೆ ಮಕ್ಕಳು ಅಂತ ಬೇರೆಯಾಗಿ ಪಟ್ಟಿ ಮಾಡಿ, ಅದರ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡು ಬಂದೆವು. ಮುಂದಿನ ಸೋಮವಾರ ಒಂಬತ್ತು ಮಕ್ಕಳು ತರಗತಿಯಲ್ಲಿ ಕೂತರು. ಒಂಬತ್ತೇ. ಆ ಪ್ರಾಜೆಕ್ಟಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಇಂಥದೇ ಅಳತೆಯ ಬೇರೆ ವಿಷಯಗಳೂ ಇವೆ. ಒಂದು ಊರಿನ ದಲಿತರಿಗೆ ಸ್ಮಶಾನದ ಜಾಗ ಪಹಣಿಯಲ್ಲಿದೆಯೋ, ಬರೀ ಬಾಯಿಮಾತಿನಲ್ಲಿದೆಯೋ. ಅಂಗವಿಕಲರಲ್ಲಿ ಎಷ್ಟು ಮಂದಿಗೆ ಗುರುತಿನ ಚೀಟಿ ಬಂದಿದೆ. ಬೇರೆ ಜಿಲ್ಲೆಯ ರೇಷನ್ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುತ್ತಿದ್ದಾರೋ ಇಲ್ಲವೋ. ಹುಣಸೂರು, ಎಚ್.ಡಿ. ಕೋಟೆ ಕಡೆಯ ಆದಿವಾಸಿ ಹಾಡಿಗಳಿಗೆ ಹೋಗುತ್ತೇವೆ ಅಂತ ಕೆಲವರು ಹುಮ್ಮಸ್ಸಿನಲ್ಲಿ ಬರುತ್ತಾರೆ. ಒಂದು ಸೆಮಿಸ್ಟರಿಗೆ ಬೇಡ ಅನ್ನುತ್ತೇನೆ. ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿಗಳ ಬಗ್ಗೆ ಹೈಕೋರ್ಟ್ ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕ ಮುಜಾಫರ್ ಅಸಾದಿ ಅಧ್ಯಕ್ಷರಾಗಿದ್ದರು. ಪುನರ್ವಸತಿ ಆಗಬೇಕಾದ 3,418 ಕುಟುಂಬಗಳ ಲೆಕ್ಕವನ್ನು ಆ ಸಮಿತಿ 2014ರಲ್ಲಿ ಮುಂದಿಟ್ಟಿತು. ವಿಶ್ವವಿದ್ಯಾನಿಲಯದಿಂದ ಏನಾಗಬಹುದು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಅದನ್ನೇ. ಆದರೆ ಅಂಥ ಕೆಲಸಕ್ಕೆ ವರ್ಷಗಳು ಬೇಕು.

ಯಾರ ಜಗುಲಿ ಮೇಲೆ ಮೊದಲು ಕೂರುತ್ತೀರಿ?

ಹಳ್ಳಿಗೆ ಹೋಗುವ ಮುಂಚೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ವಿಭಾಗದಿಂದ ಪತ್ರ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ತೆಗೆದುಕೊಳ್ಳಿ. ಇದು ಸುಲಭ. ಕಷ್ಟ ಇರುವುದು ಬಸ್ಸಿಳಿದ ಮೇಲೆ.

ಊರ ಮುಂದಿನ ಅರಳಿಕಟ್ಟೆಯಲ್ಲಿ ನಿಮ್ಮನ್ನು ಕಂಡ ಯಜಮಾನರು ಯಾರೋ "ಬನ್ನಿ ಬನ್ನಿ, ಕಾಪಿ ಕುಡ್ಕೊಂಡ್ ಹೋಗಿ" ಅಂತ ಕರೆಯುತ್ತಾರೆ. ನಮ್ಮ ಕಡೆ ಕರೆದ ಮನೆಗೆ ಹೋಗದಿದ್ದರೆ ತಪ್ಪಾಗುತ್ತದೆ, ಒಪ್ಪುತ್ತೇನೆ. ಆದರೆ ಗೌಡರ ಮನೆಯ ಜಗುಲಿ ಮೇಲೆ ಕಾಫಿ ಕುಡಿದು, ಅವರ ಮಗನ ಬೈಕಿನ ಹಿಂದೆ ಕೂತು ಕೇರಿಗೆ ಹೋದರೆ, ಅಲ್ಲಿ ಕೂಲಿ ಎಷ್ಟು ಕೊಡುತ್ತಾರೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ನಾನು ಮಾಡುವುದು ಹೀಗೆ: "ವಾಪಸು ಹೋಗುವಾಗ ಖಂಡಿತ ಬತ್ತೀವಿ ಅಣ್ಣ" ಅಂತ ಕೈಮುಗಿದು, ಸೀದಾ ಕೇರಿಗೆ ನಡೆದುಕೊಂಡು ಹೋಗುವುದು. ಹೇಳಿದ ಹಾಗೆ ವಾಪಸು ಬರುವಾಗ ಅವರ ಮನೆಗೂ ಹೋಗುವುದು. ಮಾತು ತಪ್ಪಬಾರದು. ಕೇರಿಯಲ್ಲಿ ಕೊಟ್ಟ ನೀರು ಕುಡಿಯಿರಿ, ಊಟಕ್ಕೆ ಕರೆದರೆ ಊಟ ಮಾಡಿ. ನೀವು ಬಾಟಲಿ ನೀರು ತೆಗೆದದ್ದನ್ನು ಅಲ್ಲಿ ಎಲ್ಲರೂ ನೋಡುತ್ತಾರೆ, ಯಾರೂ ಹೇಳುವುದಿಲ್ಲ.

ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು ಇಬ್ಬರಿಗೂ ಊರಿನ ಪ್ರತಿ ಮನೆ ಗೊತ್ತು. ಅವರ ಸಹಾಯ ಕೇಳಿ, ಅವರ ಕೆಲಸದ ಹೊತ್ತು ತಿನ್ನಬೇಡಿ. ಕಬ್ಬು ಕಡಿಯುವವರು ಇನ್ನೂ ಕತ್ತಲಿರುವಾಗಲೇ ಗದ್ದೆಗೆ ಇಳಿಯುತ್ತಾರೆ, ಅವರ ಹತ್ತಿರ ಮಾತಾಡಬೇಕಾದರೆ ಸಂಜೆ ಒಲೆ ಹಚ್ಚಿದ ಮೇಲೆ ಹೋಗಬೇಕು. ಹಾಗಂತ ಹೆಣ್ಣುಮಕ್ಕಳನ್ನು ರಾತ್ರಿ ಕೊನೆ ಬಸ್ಸಿಗೆ ಬಿಡಬೇಡಿ. ಉಳಿದುಕೊಳ್ಳಲು ಮುಂಚೆಯೇ ಏರ್ಪಾಡು ಮಾಡಿ, ಒಬ್ಬ ಅಧ್ಯಾಪಕರು ಜೊತೆಯಲ್ಲಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ವಿದ್ಯಾರ್ಥಿನಿಯರು ಮೂರನೇ, ನಾಲ್ಕನೇ ಸಲ ಹೋಗುವುದು ನಿಜಕ್ಕೂ ಹೆಚ್ಚಿತು. ಮುಂಚೆ ಬಸ್ ಚಾರ್ಜು ಅನ್ನುವುದೇ ಎಷ್ಟೋ ಪ್ರಾಜೆಕ್ಟುಗಳನ್ನು ನಿಲ್ಲಿಸಿತ್ತು.

ಪೆನ್ನು ತೆಗೆಯುವ ಮುಂಚೆ

ಇದನ್ನು ಬರೆಯಲು ನನಗೆ ಈಗಲೂ ಕಷ್ಟ. ಆದರೆ ಬರೆಯಲೇಬೇಕು.

ನಾನು ಈ ಹೊಣೆ ಹೊತ್ತ ಎರಡನೇ ವರ್ಷ, ನಮ್ಮ ತಂಡದ ಒಂದು ವರದಿಯಲ್ಲಿ ಕೂಲಿ ಕುಟುಂಬವೊಂದರ ಹೇಳಿಕೆ ಇತ್ತು. ಮುಂಗಡ ಎಷ್ಟು, ಮೇಸ್ತ್ರಿ ಹೇಗೆ ಹೊಡೆದ, ಎಲ್ಲ. ಹೆಸರು, ಊರು ಸಮೇತ ಟೈಪ್ ಮಾಡಿದ್ದರು. ನಾನು ಓದಿ ಸಹಿ ಹಾಕಿದ್ದೆ. ಬೈಂಡಿಂಗಿಗೆ ಕೊಟ್ಟ ಪ್ರತಿಯಿಂದಲೋ, ಯಾರ ಕೈಯಿಂದಲೋ, ಆ ಪುಟ ಮೇಸ್ತ್ರಿಗೆ ತಲುಪಿತು. ಮುಂದಿನ ವಾರ ನಾವು ಹೋದಾಗ ಗುಡಿಸಲು ಇರಲಿಲ್ಲ. ಒಲೆಯ ಮೂರು ಕಲ್ಲು ಇದ್ದವು. ರಾತ್ರೋರಾತ್ರಿ ಎತ್ತಿಸಿದರು ಅಂತ ಪಕ್ಕದವರು ಹೇಳಿದರು. ಅವರನ್ನು ಎಲ್ಲಿಗೆ ಕರೆದೊಯ್ದರು ಅನ್ನುವುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ತಪ್ಪು ನನ್ನದು. ಸಹಿ ನನ್ನದಾಗಿತ್ತು.

ಅಂದಿನಿಂದ ನಮ್ಮ ಯಾವ ನಮೂನೆಯಲ್ಲೂ ಹೆಸರು ಇಲ್ಲ, ಸಂಖ್ಯೆ ಮಾತ್ರ. ಸಂಖ್ಯೆಗೂ ಹೆಸರಿಗೂ ಕೊಂಡಿ ಹಾಕುವ ಒಂದೇ ಒಂದು ಹಾಳೆ ನನ್ನ ಬೀರುವಿನಲ್ಲಿರುತ್ತದೆ. ಊರನ್ನೂ ಹೋಬಳಿಯ ಮಟ್ಟದಲ್ಲಿ ಮಾತ್ರ ಬರೆಯುತ್ತೇವೆ. ಫೋಟೋ ಕೇಳಿ ತೆಗೆಯಬೇಕು, ಮಕ್ಕಳ ಮುಖ ತೆಗೆಯಲೇಬಾರದು. ತೊಂದರೆಯಲ್ಲಿರುವ ಮಗುವಿನ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅಪರಾಧ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದವರನ್ನು ಆ ದಿನವೇ ತಂಡದಿಂದ ಕೈಬಿಡುತ್ತೇನೆ. ಎರಡು ಸಲ ಹಾಗೆ ಮಾಡಿದ್ದೇನೆ, ಇಬ್ಬರೂ ಒಳ್ಳೆಯ ಮಕ್ಕಳೇ.

ಹೆಬ್ಬೆಟ್ಟಿನ ವಿಚಾರ. ನಮ್ಮ ಅಜ್ಜಿಯರು ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರು. ಇಂಕ್ ಪ್ಯಾಡ್ ಕಂಡರೆ ಅವರು ಹೆದರುವುದಕ್ಕೆ ಕಾರಣ ಇದೆ. ಒಪ್ಪಿಗೆ ಪತ್ರ ಬೇಕೇಬೇಕೆಂದರೆ ಮೊದಲು ಅದನ್ನು ಪೂರ್ತಿ ಓದಿ ಹೇಳಿ, ಮನೆಯಲ್ಲಿ ಓದು ಬಲ್ಲ ಮಗಳೋ ಮೊಮ್ಮಗನೋ ಇದ್ದರೆ ಅವರ ಕೈಲೂ ಓದಿಸಿ. ಮತ್ತೆ, ನಿಮ್ಮ ಕೈಲಿ ಏನು ಆಗುವುದಿಲ್ಲ ಅನ್ನುವುದನ್ನು ಮೊದಲು ಹೇಳಿ. "ನಾವು ದುಡ್ಡು ಕೊಡಿಸೋರಲ್ಲ, ಮನೆ ಕೊಡಿಸೋರಲ್ಲ. ಅರ್ಜಿ ಬರೆದು ಕೊಡ್ತೀವಿ, ಉತ್ತರ ಬರೋ ತನಕ ಬತ್ತಾ ಇರ್ತೀವಿ." ಇಷ್ಟೇ ಸಾಕು.

ಕೇಳುವ ಮಾತು

"ನಿಮ್ಮ ಮಾನವ ಹಕ್ಕುಗಳ ಉಲ್ಲಂಘನೆ ಆಗಿದೆಯಾ?" ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ. ಜೀತ ಅನ್ನುವ ಪದವೂ ಬೇಡ. ಮಂಡ್ಯದಲ್ಲಿ ಈಗ ಯಾರೂ ತಮ್ಮನ್ನು ಜೀತದವರು ಅಂತ ಕರೆದುಕೊಳ್ಳುವುದಿಲ್ಲ, ಅದರಲ್ಲಿ ಅವಮಾನ ಇದೆ. ಆಲೆಮನೆಯಲ್ಲೋ, ಇಟ್ಟಿಗೆ ಗೂಡಿನಲ್ಲೋ ಕೂತು ಕೇಳಬೇಕಾದದ್ದು ಹೀಗೆ: ಬರೋವಾಗ ಮುಂಗಡ ಎಷ್ಟು ಈಸ್ಕೊಂಡ್ರಿ? ಲೆಕ್ಕ ಯಾರು ಬರೆಯೋದು? ನಿಮ್ಮ ಆಧಾರ್ ಕಾರ್ಡ್ ಈಗ ಯಾರ ಹತ್ರ ಇದೆ? ಊರಲ್ಲಿ ಸಾವಾದ್ರೆ ಹೋಗೋಕೆ ಬಿಡ್ತಾರಾ? ಇಡೀ ಸಂಸಾರ ಹೋಗಬಹುದಾ, ಒಬ್ಬರು ಇಲ್ಲೇ ಉಳೀಬೇಕಾ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಲ್ಲವೂ ಇರುತ್ತದೆ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸರಪಳಿಯನ್ನು ಹುಡುಕುವುದಿಲ್ಲ. ಮುಂಗಡದ ಸಾಲಕ್ಕಾಗಿ ಓಡಾಡುವ, ಬೇರೆ ಕೆಲಸ ಹಿಡಿಯುವ, ಕನಿಷ್ಠ ಕೂಲಿ ಪಡೆಯುವ ಸ್ವಾತಂತ್ರ್ಯ ಹೋಗಿದ್ದರೆ ಅದು ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಇದು ಸಾಲವೇ ಹೊರತು ಜೀತವಲ್ಲ ಎಂದು ತೋರಿಸುವ ಹೊಣೆ ಸಾಲ ಕೊಟ್ಟವನದು, ಕೂಲಿಯವರದಲ್ಲ. ಇದನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರಬೇಕು.

ಅಂಥದ್ದು ಕಂಡರೆ ಮಾಲೀಕರ ಜೊತೆ ವಾದಕ್ಕೆ ನಿಲ್ಲಬೇಡಿ, ಕುಟುಂಬದವರಿಗೆ ಅಲ್ಲೇ ಧೈರ್ಯ ತುಂಬಲೂ ಹೋಗಬೇಡಿ. ಸುಮ್ಮನೆ ಎದ್ದು ಬನ್ನಿ. ಆ ಸಂಜೆಯೇ ನಿಮ್ಮ ಅಧ್ಯಾಪಕರಿಗೆ ಹೇಳಿ, ಮಾರನೇ ದಿನ ಉಪವಿಭಾಗಾಧಿಕಾರಿಗೆ ಲಿಖಿತವಾಗಿ ತಿಳಿಸಿ. ಮಂಡ್ಯ ಜಿಲ್ಲೆಯಲ್ಲಿ ಎರಡು ಉಪವಿಭಾಗ, ಮಂಡ್ಯ ಮತ್ತು ಪಾಂಡವಪುರ. ಯಾವ ತಾಲ್ಲೂಕು ಯಾವುದಕ್ಕೆ ಸೇರುತ್ತದೆ ಎಂದು ಮುಂಚೆಯೇ ತಿಳಿದಿರಿ, ಇಲ್ಲದಿದ್ದರೆ ಒಂದು ವಾರ ಕಾಗದ ಅಲೆಯುತ್ತದೆ. ಬಿಡುಗಡೆ ಆದರೆ ಬಿಡುಗಡೆ ಪತ್ರ ಕೈಗೆ ಬರುವವರೆಗೂ ಬೆನ್ನು ಬಿಡಬೇಡಿ. ಆ ಹಾಳೆ ಇಲ್ಲದೆ ಪುನರ್ವಸತಿ ಹಣ ಸಿಗುವುದಿಲ್ಲ, ಊರಿಗೆ ಹೋದ ಮೇಲೆ ಅದೇ ಮೇಸ್ತ್ರಿ ಹಳೇ ಸಾಲ ಅಂತ ಮನೆ ಬಾಗಿಲಿಗೆ ಬರುತ್ತಾನೆ.

ಬಾಲ್ಯವಿವಾಹದ ಸುಳಿವು ಸಿಕ್ಕರೂ ಹೀಗೆಯೇ. ಹೆಣ್ಣಿನ ಅಪ್ಪನಿಗೆ ಬುದ್ಧಿ ಹೇಳಲು ಹೋದರೆ ಮದುವೆ ನಾಳಿದ್ದಿನ ಬದಲು ಇವತ್ತು ರಾತ್ರಿಯೇ ಬೇರೆ ಊರಿನ ದೇವಸ್ಥಾನದಲ್ಲಿ ಆಗುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಸಿಡಿಪಿಒಗೆ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ತಿಳಿಸಿ.

ಟಿಪ್ಪಣಿಯನ್ನು ಅದೇ ರಾತ್ರಿ ಬರೆದು ಮುಗಿಸಿ. ನಾನು ಮೂರು ಕಾಲಂ ಹಾಕಿಸುತ್ತೇನೆ: ಕಣ್ಣಾರೆ ಕಂಡದ್ದು, ಅವರು ಹೇಳಿದ್ದು, ನಮಗೆ ಅನಿಸಿದ್ದು. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. "ಕೂಲಿ ಕಮ್ಮಿ ಕನವ್ವ, ಕ್ಯಾಣ ಜಾಸ್ತಿ" ಅಂದದ್ದನ್ನು "ವೇತನ ತಾರತಮ್ಯ" ಅಂತ ಬದಲಿಸಿದರೆ ಆ ಹೆಂಗಸೇ ಪುಟದಿಂದ ಎದ್ದು ಹೋಗುತ್ತಾಳೆ. ತಾರೀಖು ನೆನಪಿಲ್ಲದವರಿಗೆ ಮಾರಿಹಬ್ಬಕ್ಕೆ ಮುಂಚೆಯೋ ಆಮೇಲೋ, ನಾಲೆಗೆ ನೀರು ಬಿಟ್ಟಿದ್ದರೋ ಇಲ್ಲವೋ ಅಂತ ಕೇಳಿ. ದಿನ ತಾನಾಗಿ ಸಿಗುತ್ತದೆ.

ಅರ್ಜಿ

ಮಂಡ್ಯದ ಜನಕ್ಕೆ ಹಕ್ಕು ಅಂದರೇನು ಅಂತ ನಾವು ಕಲಿಸಬೇಕಾಗಿಲ್ಲ. 1938ರಲ್ಲಿ ಶಿವಪುರದಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ ಸೀಮೆ ಇದು, ನೀರಿಗೂ ಕಬ್ಬಿನ ಬಾಕಿಗೂ ರಸ್ತೆಗಿಳಿದ ಸೀಮೆ. ಅವರಿಗೆ ಸಿಗದೇ ಇರುವುದು ಯಾವ ಕಾಗದ, ಯಾವ ಕಚೇರಿ, ಯಾವ ಟೇಬಲ್ಲು ಅನ್ನುವ ದಾರಿ. ನಮ್ಮ ಮಕ್ಕಳು ಓದಿದ್ದು ಅಲ್ಲಿಗೆ ಉಪಯೋಗಕ್ಕೆ ಬರಬೇಕು.

ಅರ್ಜಿ ಒಂದೇ ಪುಟ ಇರಲಿ. ಯಾರು, ಎಲ್ಲಿ, ಯಾವತ್ತು, ಏನಾಯಿತು, ಏನು ಬೇಕು. ಎರಡು ಪ್ರತಿ, ಒಂದಕ್ಕೆ ಮೊಹರು ಮತ್ತು ತಾರೀಖು. ಮೊಹರು ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ನಾಡಕಚೇರಿಯಲ್ಲಿ ಕೊಟ್ಟ ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನು ಅರ್ಜಿದಾರರ ಮನೆಯ ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಚೀಟಿ ಕಳೆಯುತ್ತದೆ, ಕ್ಯಾಲೆಂಡರ್ ಕಳೆಯುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. "ಏಕೆ ಕೊಟ್ಟಿಲ್ಲ?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ಇಂಥ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆಯ ನಕಲು ಕೊಡಿ" ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ. ಎಷ್ಟೋ ಸಲ ಉತ್ತರಕ್ಕಿಂತ ಮುಂಚೆ ಕೆಲಸವೇ ಆಗಿಬಿಡುತ್ತದೆ.

ವಕೀಲರು ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಪಡೆಯಬಹುದು. ಸಹಾಯವಾಣಿ 15100. ಮಾನವ ಹಕ್ಕುಗಳ ಆಯೋಗಕ್ಕೆ ಬರೆಯುವುದಾದರೆ ಘಟನೆ ನಡೆದು ಒಂದು ವರ್ಷದೊಳಗೆ ಬರೆಯಬೇಕು. ಶುಲ್ಕ ಇಲ್ಲ, ಕನ್ನಡದಲ್ಲೇ ಬರೆಯಬಹುದು. ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಎರಡಕ್ಕೂ ಒಂದೇ ದೂರು ಕಳಿಸುವ ಅಭ್ಯಾಸ ಬಿಡಿ. ಒಂದು ಕಡೆ ನಡೆಯುತ್ತಿದ್ದರೆ ಇನ್ನೊಂದು ಕಡೆ ಕೈಬಿಡುತ್ತಾರೆ.

ಡಿಸೆಂಬರ್ 10ರ ಕಾರ್ಯಕ್ರಮ

1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ನೆನಪಿಗೆ ಎಲ್ಲ ವಿಭಾಗಗಳೂ ಅಂದು ಏನಾದರೂ ಮಾಡುತ್ತವೆ. ಬ್ಯಾನರ್, ಹಾರ, ಶಾಲು ಇವಕ್ಕೆ ಆಗುವ ಖರ್ಚನ್ನು ಹಳ್ಳಿಯಲ್ಲಿ ಒಂದು ದಿನದ ಅರ್ಜಿ ಶಿಬಿರಕ್ಕೆ ಹಾಕಿ. ಎರಡು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಮಧ್ಯಾಹ್ನಕ್ಕೆ ಮುದ್ದೆ ಬಸ್ಸಾರು. ಸಂವಿಧಾನದ ಪೀಠಿಕೆ ಓದಿಸುವುದಾದರೆ ಊರಿನ ಶಾಲೆಯ ಮಗುವಿನ ಕೈಲಿ ಓದಿಸಿ. ಬೀದಿ ನಾಟಕ ಆಡುವುದಾದರೆ ಕುಡುಕ ಗಂಡನ ಪಾತ್ರ ಯಾವಾಗಲೂ ಕೇರಿಯವನೇ ಆಗಿರುವುದು ಬೇಡ. ಒಂದು ಊರಿನಲ್ಲಿ ಸೋಬಾನೆ ಹಾಡುವ ಹೆಂಗಸರು ವಿಧವಾ ವೇತನದ ದಾಖಲೆಗಳ ಪಟ್ಟಿಯನ್ನೇ ತಮ್ಮ ಧಾಟಿಗೆ ಕೂರಿಸಿ ಹಾಡಿದರು. ನಾವು ಹಂಚಿದ ಕರಪತ್ರ ಒಲೆಗೆ ಹೋಯಿತು, ಆ ಪದ ಉಳಿಯಿತು.

ವರದಿ, ಆಮೇಲೆ ಪುಸ್ತಕ

ವಿಶ್ವವಿದ್ಯಾನಿಲಯಕ್ಕೆ ಕೊಡುವ ಮುಂಚೆ ವರದಿಯನ್ನು ಆ ಊರಿನಲ್ಲೇ ಓದಿ. ಸಂಕೋಚ ಆಗುತ್ತದೆ, ಆಗಲಿ. "ಅಂಗಲ್ಲ ಕನಪ್ಪ, ತೆಪ್ಪಾಗ್ ಬರ್ದಿದ್ದೀರಿ" ಅಂತ ಎದ್ದು ನಿಲ್ಲುವವರು ಇರುತ್ತಾರೆ. ಅವರು ತಿದ್ದಿದ್ದನ್ನು ತಿದ್ದಿ. ಅಂಕ ಕೊಡುವ ಸಹೋದ್ಯೋಗಿಗಳಲ್ಲಿ ಒಂದು ಮನವಿ: ಪುಟಗಳನ್ನೂ ಫೋಟೋಗಳನ್ನೂ ಎಣಿಸಬೇಡಿ. ಮೊಹರು ಬಿದ್ದ ಪ್ರತಿ ಎಷ್ಟಿದೆ, ಎಷ್ಟು ಸಲ ಹೋಗಿದ್ದಾರೆ, ಅದನ್ನು ನೋಡಿ.

ಕೊನೆಯದು ಬಾಕಿ ಪುಸ್ತಕ. ಉದ್ದನೆಯ ರಟ್ಟಿನ ಲೆಡ್ಜರು, ಅದರಲ್ಲಿ ಸಂಖ್ಯೆ, ಅರ್ಜಿ, ಕೊಟ್ಟ ದಿನ, ಕೊನೆಯ ಸಲ ವಿಚಾರಿಸಿದ ದಿನ. ಕೋರ್ಸು ಮುಗಿಸಿ ಹೋಗುವ ತಂಡ ಹೊಸ ತಂಡವನ್ನು ಊರಿಗೆ ಕರೆದುಕೊಂಡು ಹೋಗಿ, ಮನೆ ಮನೆ ಪರಿಚಯ ಮಾಡಿಸಿ, ಪುಸ್ತಕ ಕೈಗೆ ಕೊಡಬೇಕು. ಮೊದಲ ಸಾಲು ಆ ಅಜ್ಜಿಯದು, ಸಂಖ್ಯೆ 1. ಅವರ ಬ್ಯಾಂಕ್ ಖಾತೆ ನಿಷ್ಕ್ರಿಯ ಆಗಿತ್ತು, ಅಷ್ಟೇ ಕಾರಣ. ಅದನ್ನು ಕಂಡುಹಿಡಿಯಲು ನಾವು ಐದು ಸಲ ಹೋದೆವು. ಆರನೇ ಸಲ ಹೋದಾಗ ದುಡ್ಡು ಬಂದಿತ್ತು, ಅಜ್ಜಿ ಕಡ್ಲೆಪುರಿ ತಂದಿಟ್ಟಿದ್ದರು.

ಈಗ ಆ ಪುಸ್ತಕದಲ್ಲಿ ಹನ್ನೊಂದು ಅರ್ಜಿ ಬಾಕಿ ಇವೆ. ಈ ವರ್ಷ ಸೇರಿದವರು ಮೊದಲು ಆ ಹನ್ನೊಂದು ಮನೆಗೆ ಹೋಗಿ ಬನ್ನಿ, ಹೊಸ ವಿಷಯದ ಬಗ್ಗೆ ಆಮೇಲೆ ಮಾತಾಡೋಣ.